ರೋಗಿಗೆ ಎಣ್ಣೆ ಹಚ್ಚುವದರ ವಿಷಯವಾಗಿ ಸತ್ಯವೇದದ ಬೋಧನೆ

(ಪಾಠಕ್ಕೆ ಮುಂಚೆ ಓದತಕ್ಕ ಭಾಗಗಳು: ಯಾಕೋಬ 5:13–18, ಮಾರ್ಕ 6:7–13, ಯಾಜಕಕಾಂಡ 14:10–20, 2 ತಿಮೊಥೆ 4:20)



ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬನಶಂಕರಿಗೆ ಹೊಂದಿಕೊಂಡಿರುವ ಪದ್ಮನಾಭನಗರದಲ್ಲಿ ನಮಗೆ ಪರಿಚಿತವಾದ ಒಂದು ಕ್ರೈಸ್ತ ಕುಟುಂಬವುಂಟು. ಆ ಮನೆಯ ಯಜಮಾನನ ತಾಯಿಯವರು ಕನಕಪುರದ ಕಡೆಯ ಹಳ್ಳಿಯವರು. ಹೊಟ್ಟೆಯಲ್ಲಿ ಗೆಡ್ಡೆಯಾಗಿದೆಯೆಂದು ವೈದ್ಯರು ಹೇಳಿದ ಮೇಲೆ, ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವದಕ್ಕೆ ಅನುಕೂಲವಾಗಲೆಂದು ಅವರು ಮಗನ ಮನೆಯಲ್ಲಿ ಬಂದು ಇಳಿದಿದ್ದರು. ನಾವು ಸಭೆಯ ಇಬ್ಬರು ಹಿರಿಯರೊಂದಿಗೆ ಅವರನ್ನು ನೋಡಲು ಹೋದೆವು. ಓದುವದೂ ಪ್ರಾರ್ಥಿಸುವದೂ ಮುಗಿದ ತರುವಾಯ ಆ ಮಗನು, “ಅಯ್ಯನವರೇ, ಯಾಕೋಬನು ಬರೆದ ಪ್ರಕಾರ ಅಮ್ಮನಿಗೆ ಎಣ್ಣೆ ಹಚ್ಚಿ ಪ್ರಾರ್ಥನೆಮಾಡಬಾರದೇ?” ಎಂದು ಕೇಳಿದನು.

ಆ ಮಾತು ಕಿವಿಗೆ ಬಿದ್ದೊಡನೆ ಗೋಡೆಗೆ ಒರಗಿ ಕೂತಿದ್ದ ದೊಡ್ಡಮ್ಮನವರು ಅಳುವದಕ್ಕೆ ತೊಡಗಿದರು. ಎಣ್ಣೆ ಹಚ್ಚುವದೆಂದರೆ ಪ್ರಾಣ ಹೋಗುವ ಹೊತ್ತು ಬಂತೆಂದು ಅರ್ಥವಲ್ಲವೇ, ಇನ್ನೂ ಎದ್ದು ಕೂತು ಗಂಜಿ ಕುಡಿಯುವವಳಿಗೆ ಅದೇಕೆ ಎಂಬದೇ ಅವರ ದುಃಖವು. ಮನೆಯ ಅಳಿಯನ ಅಭಿಪ್ರಾಯವೇ ಬೇರೆ. ಅವನು ಎಲ್ಲಿಯೋ ನಡೆದ ಒಂದು ದೊಡ್ಡ ಕೂಟದಿಂದ ಚಿಕ್ಕ ಸೀಸೆಯಲ್ಲಿ ಎಣ್ಣೆಯನ್ನು ಕೊಂಡುತಂದಿದ್ದನು. ಅದನ್ನು ಹಚ್ಚಿದ ಮೇಲೆ ಆಸ್ಪತ್ರೆಯ ಗುಳಿಗೆಗಳನ್ನು ನುಂಗುವದು ಅವಿಶ್ವಾಸವೆಂದು ಹೇಳಿದನು. ನಮ್ಮೊಂದಿಗೆ ಬಂದಿದ್ದ ಹಿರಿಯರಲ್ಲಿ ಒಬ್ಬರೋ, ಇದೆಲ್ಲಾ ರೋಮನ್ ಸಭೆಯವರ ಪದ್ಧತಿ, ನಮಗೆ ಸಂಬಂಧಪಟ್ಟದ್ದಲ್ಲ ಎಂದುಬಿಟ್ಟರು. ರೋಗಿಯಾಗಿದ್ದ ತಾಯಿಯವರು ಮಾತ್ರ ಏನೂ ಹೇಳದೆ ನಮ್ಮ ಮುಖವನ್ನೇ ನೋಡುತ್ತಿದ್ದರು.

ಒಂದೇ ವಚನ, ಒಂದೇ ಕೋಣೆ, ಮೂರು ಅರ್ಥಗಳು. ಹಳ್ಳಿಯ ಸಭೆಗಳಲ್ಲಿಯೂ ಇಂಥ ಸಂದೇಹಗಳು ಆಗಾಗ್ಗೆ ಏಳುವದರಿಂದ ಈ ತಿಂಗಳಿನ ಪಾಠವನ್ನು ಇದಕ್ಕಾಗಿಯೇ ಇಟ್ಟಿದ್ದೇವೆ.

ಮೊದಲು ಎಣ್ಣೆಯ ವಿಷಯವನ್ನೇ ತಿಳಿಯೋಣ. ನಮ್ಮ ಕನ್ನಡದಲ್ಲಿ ಎಣ್ಣೆ ಎಂಬ ಮಾತು ಎಳ್ಳು ಮತ್ತು ನೆಯ್ ಎಂಬ ಎರಡು ಮಾತುಗಳಿಂದ ಆದದ್ದೆಂದು ಪಂಡಿತರು ಹೇಳುತ್ತಾರೆ. ನಮ್ಮ ಹಿರಿಯರಿಗೆ ಎಣ್ಣೆಯೆಂದರೆ ಮೊದಲು ಎಳ್ಳಿನದು. ಯೆಹೂದ್ಯರ ದೇಶದಲ್ಲಿಯಾದರೋ ಎಣ್ಣೆಯೆಂದರೆ ಆಲಿವ್ ಮರದ ಕಾಯಿಯಿಂದ ತೆಗೆದದ್ದು. ನಮ್ಮ ಸತ್ಯವೇದವು ಆ ಮರವನ್ನು ಎಣ್ಣೇಮರವೆಂದೇ ಕರೆಯುತ್ತದೆ. ಕರ್ತನು ಬೆವರು ಸುರಿಸಿ ಪ್ರಾರ್ಥಿಸಿದ ಗೆತ್ಸೇಮನೆಯ ಹೆಸರಿಗೆ ಎಣ್ಣೆಯ ಗಾಣವೆಂದು ಅರ್ಥ. ಆ ಜನರು ಎಣ್ಣೆಯನ್ನು ಅಡಿಗೆಗೆ ಹಾಕಿದರು, ದೀಪಕ್ಕೆ ಹೊಯ್ದರು, ಬಿಸಿಲಿನಲ್ಲಿ ಬಿರಿದ ಮೈಗೆ ಸವರಿದರು, ಅತಿಥಿಯ ತಲೆಗೆ ಹಚ್ಚಿದರು, ಗಾಯಕ್ಕೆ ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಬಾಣಂತಿಗೂ ಮಗುವಿಗೂ ಎಣ್ಣೆ ನೀವುವದನ್ನು, ಕಜ್ಜಿಗೆ ಹೊಂಗೆಯೆಣ್ಣೆ ಹಚ್ಚುವದನ್ನು, ಉಷ್ಣವಾದರೆ ನೆತ್ತಿಗೆ ಹರಳೆಣ್ಣೆ ತಟ್ಟುವದನ್ನು ಕಂಡಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದದರಿಂದ ಪ್ರವಾದಿಯಾದ ಯೆಶಾಯನು ತನ್ನ ಜನಾಂಗದ ದುರವಸ್ಥೆಯನ್ನು ಒಬ್ಬ ಗಾಯಾಳುವಿನ ಮೈಗೆ ಹೋಲಿಸಿ, ಅಂಗಾಲಿನಿಂದ ನಡುನೆತ್ತಿಯ ವರೆಗೂ ಇರುವ ಹುಣ್ಣುಗಳಿಗೆ ಕಟ್ಟು ಕಟ್ಟುವವರಿಲ್ಲ, ಎಣ್ಣೆಯಿಂದ ಮೃದುಮಾಡುವವರೂ ಇಲ್ಲ ಎಂಬದಾಗಿ ದುಃಖಪಟ್ಟನು (ಯೆಶಾಯ 1:6). ಕರ್ತನು ಹೇಳಿದ ಸಾಮ್ಯದಲ್ಲಿ ದಯಾವಂತನಾದ ಸಮಾರ್ಯದವನು ಕಳ್ಳರ ಕೈಗೆ ಸಿಕ್ಕಿದವನ ಗಾಯಗಳಲ್ಲಿ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು (ಲೂಕ 10:34). ಅವನು ಅಲ್ಲಿ ಯಾವ ಮಂತ್ರವನ್ನೂ ಹೇಳಲಿಲ್ಲ. ದಾರಿಯಲ್ಲಿ ಕೈಯಲ್ಲಿದ್ದ ಔಷಧವನ್ನು ಕೊಟ್ಟನು, ಆ ಮೇಲೆ ಚತ್ರದವನಿಗೆ ಹಣವನ್ನೂ ಕೊಟ್ಟನು.

ಇದಲ್ಲದೆ ಸತ್ಯವೇದದಲ್ಲಿ ಇನ್ನೊಂದು ಎಣ್ಣೆಯುಂಟು. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ಅಭಿಷೇಕತೈಲವನ್ನು ಮಾಡುವ ಕ್ರಮವನ್ನು ತಿಳಿಸಿದನು. ಅಪ್ಪಟ ರಕ್ತಬೋಳ 500 ಶೆಕೆಲ್, ಲವಂಗಚಕ್ಕೆ 250, ಸುಗಂಧದ ಬಜೆ 250, ದಾಲ್ಚಿನ್ನಿಯಂಥ ಇನ್ನೊಂದು ತೊಗಟೆ 500, ಇವುಗಳೊಂದಿಗೆ ಒಂದು ಹಿನ್ ಎಣ್ಣೆ. ಈ ತೈಲದಿಂದ ಗುಡಾರವೂ ಅದರ ಉಪಕರಣಗಳೂ ಯಾಜಕರೂ ಪ್ರತಿಷ್ಠಿತರಾದರು. ಸಾಧಾರಣ ಮನುಷ್ಯನ ಮೈಮೇಲೆ ಅದನ್ನು ಹೊಯ್ಯಬಾರದೆಂದೂ ಅದರಂಥದನ್ನು ಬೇರೆ ಯಾರೂ ಮಾಡಬಾರದೆಂದೂ ಖಂಡಿತವಾದ ಆಜ್ಞೆಯಿತ್ತು. ಇದನ್ನು ಚೆನ್ನಾಗಿ ಗಮನಿಸಬೇಕು. ಯಾಕಂದರೆ ರೋಗಿಗಳಿಗೆ ಹಚ್ಚಿದ ಎಣ್ಣೆಯು ಈ ತೈಲವಾಗಿರಲಿಲ್ಲ. ಮೋಶೆಯ ಕಾಲದ ಅಭಿಷೇಕತೈಲವೆಂದು ಹೇಳಿಕೊಂಡು ಯಾರಾದರೂ ಸೀಸೆಯನ್ನು ಮಾರಲು ಬಂದರೆ, ಆ ಅಧ್ಯಾಯದ ಕಡೇ ವಚನಗಳನ್ನು ಅವರಿಗೆ ಓದಿ ತೋರಿಸಿರಿ.

ಯಾಜಕಕಾಂಡದ 14ನೆಯ ಅಧ್ಯಾಯವು ನಮ್ಮ ಪಾಠಕ್ಕೆ ಹೆಚ್ಚು ಸಮೀಪವಾದದ್ದು. ಕುಷ್ಠರೋಗವು ವಾಸಿಯಾದವನನ್ನು ಯಾಜಕನು ದೇವಸನ್ನಿಧಿಯಲ್ಲಿ ನಿಲ್ಲಿಸಿ, ಪ್ರಾಯಶ್ಚಿತ್ತಯಜ್ಞದ ರಕ್ತವನ್ನು ಅವನ ಬಲಗಿವಿಯ ತುದಿಗೂ ಬಲಗೈಯ ಹೆಬ್ಬೆರಳಿಗೂ ಬಲಗಾಲಿನ ಹೆಬ್ಬೆರಳಿಗೂ ಹಚ್ಚಿದನು. ತರುವಾಯ ಅದೇ ಸ್ಥಳಗಳಲ್ಲಿ ರಕ್ತದ ಮೇಲೆಯೇ ಎಣ್ಣೆಯನ್ನು ಹಚ್ಚಿ, ಅಂಗೈಯಲ್ಲಿ ಉಳಿದದ್ದನ್ನು ಅವನ ತಲೆಗೆ ಸವರಿದನು. ಇಲ್ಲಿ ಎಣ್ಣೆಯು ಔಷಧವಲ್ಲ, ಯಾಕಂದರೆ ಅವನು ಆಗಲೇ ಗುಣಹೊಂದಿದ್ದನು. ಹಾಗಾದರೆ ಅದೇತಕ್ಕೆ? ಅಶುದ್ಧನೆಂದು ಪಾಳೆಯದ ಹೊರಗೆ ಇರಿಸಲ್ಪಟ್ಟಿದ್ದವನು, ಯಾರೂ ಮುಟ್ಟದೆ ಬಿಟ್ಟಿದ್ದವನು, ಈಗ ಯಾಜಕನ ಕೈಯಿಂದಲೇ ಮುಟ್ಟಲ್ಪಟ್ಟು ತನ್ನ ಜನರ ಮಧ್ಯಕ್ಕೆ ತಿರಿಗಿ ಸೇರಿಸಲ್ಪಟ್ಟನು. ಊರ ಹೊರಗೆ ಇರಿಸಲ್ಪಟ್ಟ ಅನುಭವವು ನಮ್ಮಲ್ಲಿ ಎಷ್ಟೋ ಮಂದಿಯ ತಾತಂದಿರಿಗೆ ಇತ್ತು. ಅಂಥವರ ಮಕ್ಕಳಾದ ನಾವು ಈ ಅಧ್ಯಾಯವನ್ನು ಬೇಸರದ ವಿಧಿಗಳ ಪಟ್ಟಿಯೆಂದು ದಾಟಿಹೋಗಬಾರದು.

ಇನ್ನು ಸುವಾರ್ತೆಗಳಿಗೆ ಬರೋಣ. ನಮ್ಮ ಕರ್ತನು ತಾನೇ ಯಾರಿಗಾದರೂ ಎಣ್ಣೆ ಹಚ್ಚಿ ವಾಸಿಮಾಡಿದನೆಂದು ಎಲ್ಲಿಯೂ ಬರೆದಿಲ್ಲ. ಆತನು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದನು. ಕಿವುಡನ ಕಿವಿಯಲ್ಲಿ ಬೆರಳಿಟ್ಟನು. ಹುಟ್ಟುಕುರುಡನ ಕಣ್ಣುಗಳಿಗೆ ಕೆಸರನ್ನು ಹಚ್ಚಿದನು. ಶತಾಧಿಪತಿಯ ಆಳನ್ನು ದೂರದಿಂದ ಬರೀ ಮಾತಿನಿಂದಲೇ ಸ್ವಸ್ಥಮಾಡಿದನು. ಆದರೆ ಆತನು ಹನ್ನೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದಾಗ ಅವರು ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಅವರನ್ನು ಗುಣಪಡಿಸಿದರೆಂದು ಮಾರ್ಕನು ತಿಳಿಸುತ್ತಾನೆ (6:13). ಮತ್ತಾಯನೂ ಲೂಕನೂ ಅದೇ ಪ್ರಯಾಣವನ್ನು ವರ್ಣಿಸುವಾಗ ಎಣ್ಣೆಯ ಮಾತನ್ನು ಎತ್ತುವದಿಲ್ಲ. ಚೀಲವಿಲ್ಲದೆ, ಬುತ್ತಿಯಿಲ್ಲದೆ, ನಡುಕಟ್ಟಿನಲ್ಲಿ ಹಣವಿಲ್ಲದೆ ಹೊರಟ ಆ ಶಿಷ್ಯರಿಗೆ ಎಣ್ಣೆಯು ಎಲ್ಲಿಂದ ಬಂತು? ಅವರು ಇಳುಕೊಂಡ ಮನೆಗಳ ಕುಡಿಕೆಗಳಿಂದಲೇ ಬಂದಿರಬೇಕೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆಯಷ್ಟೆ.

ಈಗ ಯಾಕೋಬನ ಪತ್ರಿಕೆ. ಅಪೊಸ್ತಲರ ಕಾಲದ ಪತ್ರಿಕೆಗಳಲ್ಲಿ ರೋಗಿಗೆ ಎಣ್ಣೆ ಹಚ್ಚುವ ವಿಷಯವಾಗಿ ಆಜ್ಞೆಯಿರುವದು ಇದೊಂದೇ ಕಡೆ (5:14–16). ಆದಕಾರಣ ಒಂದೊಂದು ಮಾತನ್ನೂ ನಿಧಾನವಾಗಿ ನೋಡಬೇಕು.

ಕರೆಕಳುಹಿಸುವವನು ಯಾರು? ರೋಗಿಯೇ. ಹಿರಿಯರು ತಾವಾಗಿ ಬಂದು ಬಲವಂತಮಾಡುವದಿಲ್ಲ. ಕರೆಯುವಷ್ಟು ಬುದ್ಧಿಯೂ ಬಾಯೂ ಅವನಿಗೆ ಇನ್ನೂ ಇವೆ. ಹೀಗಿರಲಾಗಿ ಇದು ಸಾಯುವವನಿಗೆ ಮಾಡುವ ಕಡೇ ಕರ್ಮವೆಂಬ ದೊಡ್ಡಮ್ಮನವರ ಭಯಕ್ಕೆ ಯಾಕೋಬನಲ್ಲಿ ಆಧಾರವಿಲ್ಲ. ಅವನು ಯಾರನ್ನು ಕರೆಯುತ್ತಾನೆ? ಸಭೆಯ ಹಿರಿಯರನ್ನು, ಒಬ್ಬನನ್ನಲ್ಲ, ಹಲವರನ್ನು. ವಿಶೇಷವಾದ ವರವನ್ನು ಹೊಂದಿದ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಬಸ್ಸು ಹತ್ತಿ ದೂರದ ಊರಿಗೆ ಹೋಗೆಂದು ಯಾಕೋಬನು ಹೇಳಲಿಲ್ಲ. ನಿಮ್ಮ ಬೀದಿಯಲ್ಲಿ ದನ ಕಟ್ಟಿಕೊಂಡಿರುವ, ನಿಮ್ಮ ಕಷ್ಟಸುಖಗಳನ್ನು ಬಲ್ಲ, ಬಹುಶಃ ಸಾಲ ಕೊಟ್ಟು ಮರೆತಿರುವ ಆ ಹಿರಿಯರೇ ಸಾಕು.

ಅವರು ಮಾಡುವದೇನು? ಮೂಲಭಾಷೆಯ ವಾಕ್ಯದಲ್ಲಿ ಪ್ರಾರ್ಥಿಸುವದೇ ಮುಖ್ಯವಾದ ಕ್ರಿಯೆ. ಎಣ್ಣೆ ಹಚ್ಚುವದು ಅದರ ಜೊತೆಗೆ ಸೇರಿದ್ದು. ರೋಗಿಯನ್ನು ರಕ್ಷಿಸುವದು ವಿಶ್ವಾಸದಿಂದ ಕೂಡಿದ ಪ್ರಾರ್ಥನೆಯೆಂದೂ ಅವನನ್ನು ಏಳಮಾಡುವವನು ಕರ್ತನೆಂದೂ ಮುಂದಿನ ವಚನವು ತಿಳಿಸುತ್ತದೆ. ಎಣ್ಣೆಯು ವಾಸಿಮಾಡುವದೆಂದು ಎಲ್ಲಿಯೂ ಹೇಳಿಲ್ಲ. ಮಂತ್ರಿಸಿದ ಎಣ್ಣೆಯನ್ನೂ ತಾಯಿತವನ್ನೂ ಬಿಟ್ಟು ಬಂದ ನಾವು ಅದೇ ನಂಬಿಕೆಯನ್ನು ಶಿಲುಬೆಯ ಗುರುತು ಅಂಟಿಸಿದ ಸೀಸೆಯ ಮೇಲೆ ಇಟ್ಟರೆ, ಬಿಟ್ಟದ್ದಾದರೂ ಏನು?

ಗ್ರೀಕ್ ಭಾಷೆಯಲ್ಲಿ ಎಣ್ಣೆ ಹಚ್ಚುವದಕ್ಕೆ ಎರಡು ಮಾತುಗಳುಂಟು. ಖ್ರಿಯೋ ಎಂಬದು ಹೊಸ ಒಡಂಬಡಿಕೆಯಲ್ಲಿ ದೇವರು ಒಬ್ಬನನ್ನು ಅಭಿಷೇಕಿಸುವದಕ್ಕೆ ಬರುತ್ತದೆ. ಕ್ರಿಸ್ತನೆಂಬ ನಾಮವು ಅದರಿಂದಲೇ ಹುಟ್ಟಿದ್ದು. ಅಲೈಫೋ ಎಂಬದು ಮೈಗೂ ತಲೆಗೂ ಎಣ್ಣೆ ಹಚ್ಚಿಕೊಳ್ಳುವ ದಿನಬಳಕೆಯ ಮಾತು. ಮಾರ್ಕನೂ ಯಾಕೋಬನೂ ಬರೆದದ್ದು ಈ ಎರಡನೆಯದನ್ನೇ. ನಮ್ಮ ಕನ್ನಡ ಸತ್ಯವೇದವೂ ಇಲ್ಲಿ ಅಭಿಷೇಕವೆಂದು ಹೇಳದೆ ಎಣ್ಣೆ ಹಚ್ಚುವ ಮಾತನ್ನೇ ಇಟ್ಟುಕೊಂಡಿರುವದು ಬಹಳ ಒಳ್ಳೇದಾಯಿತು. ಆದರೂ ಇದರಿಂದ, ಯಾಕೋಬನು ಬರೀ ಮನೆಮದ್ದನ್ನೇ ಹೇಳಿದನೆಂದು ಸಾಧಿಸುವವರು ಅವಸರಪಡುತ್ತಾರೆ. ಹಳೇ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ ಯಾಜಕರ ಅಭಿಷೇಕಕ್ಕೂ ಅಲೈಫೋ ಎಂಬ ಮಾತು ಬಂದಿದೆ (ವಿಮೋಚನಕಾಂಡ 40:15). ಅದಲ್ಲದೆ ಬರೀ ಮನೆಮದ್ದಾಗಿದ್ದರೆ ಹಿರಿಯರನ್ನು ಕರೆಯುವದೇಕೆ, ಕರ್ತನ ಹೆಸರನ್ನು ಹೇಳುವದೇಕೆ? ಎಣ್ಣೆಯು ದಿನಬಳಕೆಯದೇ, ಅದನ್ನು ಹಚ್ಚುವಾಗ ಉಚ್ಚರಿಸುವ ಹೆಸರು ಮಾತ್ರ ದಿನಬಳಕೆಯದಲ್ಲ.

ಪಾಪದ ವಿಷಯವಾಗಿಯೂ ಒಂದು ಮಾತಿದೆ. ರೋಗಿಯು ಪಾಪಮಾಡಿದವನಾಗಿದ್ದರೆ ಅದು ಕ್ಷಮಿಸಲ್ಪಡುವದೆಂದು ಯಾಕೋಬನು ಹೇಳುತ್ತಾನೆ. ಇಲ್ಲಿ “ಆಗಿದ್ದರೆ” ಎಂಬದನ್ನು ಕೈಬಿಡಬಾರದು. ಬೇನೆ ಬಿದ್ದವನನ್ನು ಕಂಡು, ಯಾವ ಜನ್ಮದ ಕರ್ಮವೋ ಎನ್ನುವದು ನಮ್ಮ ನೆರೆಹೊರೆಯಲ್ಲಿ ಕೇಳಿಬರುವ ಮಾತು. ಕ್ರೈಸ್ತರು ಜನ್ಮವನ್ನು ಬಿಟ್ಟು, ಯಾವ ಪಾಪವೋ ಎನ್ನುತ್ತಾರೆ. ಯೋಬನ ಸ್ನೇಹಿತರೂ ಹಾಗೆಯೇ ಮಾತಾಡಿ ದೇವರ ಕೋಪಕ್ಕೆ ಗುರಿಯಾದರು. ಹುಟ್ಟುಕುರುಡನ ವಿಷಯವಾಗಿ ಶಿಷ್ಯರು ಕೇಳಿದಾಗ ಕರ್ತನು ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ (ಯೋಹಾನ 9:3). ಹಾಗಾದರೂ ರೋಗಿಯ ಮನಸ್ಸಿನಲ್ಲಿ ಭಾರವಿದ್ದರೆ ಅದನ್ನು ಇಳಿಸುವದಕ್ಕೆ ಇದು ಸಮಯ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಬೇಕೆಂದು ಯಾಕೋಬನು ಬರೆದನು. ರೋಗಿ ಮಾತ್ರ ಹೇಳಬೇಕು, ಹಿರಿಯರು ಕೇಳಿಸಿಕೊಳ್ಳಬೇಕು ಎಂದು ಬರೆಯಲಿಲ್ಲ.

ಅಪೊಸ್ತಲರ ತರುವಾಯ ಈ ಪದ್ಧತಿಯು ಹೇಗೆ ನಡೆದು ಬಂತೆಂಬದನ್ನು ಸಂಕ್ಷೇಪವಾಗಿ ಹೇಳುವೆವು. 416ನೆಯ ಇಸವಿಯಲ್ಲಿ ರೋಮಿನ ಬಿಷಪನಾದ 1ನೆಯ ಇನ್ನೊಸೆಂಟನು ಗುಬ್ಬಿಯೋ ಎಂಬ ಊರಿನ ಬಿಷಪನಿಗೆ ಬರೆದ ಪತ್ರದಲ್ಲಿ, ಬಿಷಪನು ಪ್ರಾರ್ಥಿಸಿ ಪ್ರತಿಷ್ಠಿಸಿದ ಎಣ್ಣೆಯನ್ನು ಯಾಜಕರು ಮಾತ್ರವಲ್ಲದೆ ಎಲ್ಲಾ ಕ್ರೈಸ್ತರೂ ತಮ್ಮ ಅಗತ್ಯದಲ್ಲಿ, ತಮ್ಮವರ ಅಗತ್ಯದಲ್ಲಿ ಹಚ್ಚಬಹುದೆಂದು ಹೇಳಿದನು. ಅಂದರೆ ಆ ಕಾಲದಲ್ಲಿ ತಾಯಿಯು ತನ್ನ ಮಗುವಿಗೆ ಹಚ್ಚಬಹುದಾಗಿತ್ತು. ಕ್ರಮೇಣ, 8ನೆಯ 9ನೆಯ ಶತಮಾನಗಳಿಂದ ಈಚೆಗೆ, ಪಶ್ಚಿಮದ ಸಭೆಯಲ್ಲಿ ಇದು ಯಾಜಕರ ಕೈಗೆ ಮಾತ್ರ ಸೇರಿ, ಮರಣಕಾಲದ ಪಶ್ಚಾತ್ತಾಪದೊಂದಿಗೆ ಬೆರೆತು, ಕಡೇ ಅಭ್ಯಂಗವೆಂಬ ಹೆಸರನ್ನು ಪಡೆಯಿತು. ಏಳಮಾಡುವದಕ್ಕೆ ಕೊಟ್ಟದ್ದು ಕಳುಹಿಸಿಕೊಡುವದಕ್ಕೆ ಆಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಾದರೋ ಇದನ್ನು ಸಾಯುವವರಿಗೆ ಮಾತ್ರವೆಂದು ಎಂದೂ ಮಿತಗೊಳಿಸಲಿಲ್ಲ.

1520ರಲ್ಲಿ ಮಾರ್ಟಿನ್ ಲೂಥರನು, ಯಾಕೋಬನು ರೋಗಿಯು ಏಳಬೇಕೆಂದು ಹೇಳಿದ್ದಾನೆ, ಇವರು ಇನ್ನು ಏಳಲಾರದವನಿಗೆ ಮಾತ್ರ ಕೊಡುತ್ತಾರೆ ಎಂದು ಆಕ್ಷೇಪಿಸಿದನು. ಕಾಲ್ವಿನನು ಇನ್ನೂ ಕಠಿಣನು. ಗುಣಮಾಡುವ ವರವು ಅಪೊಸ್ತಲರ ಕಾಲದೊಂದಿಗೆ ಮುಗಿಯಿತೆಂದೂ ಈಗ ಎಣ್ಣೆ ಹಚ್ಚುವದು ಬರೀ ಅಭಿನಯವೆಂದೂ ಅವನು ತೀರ್ಮಾನಿಸಿದನು. ಇಂಗ್ಲೆಂಡಿನ ಸಭೆಯ 1549ರ ಪ್ರಾರ್ಥನೆಯ ಪುಸ್ತಕದಲ್ಲಿ, ರೋಗಿಯು ಕೇಳಿಕೊಂಡರೆ ಎಣ್ಣೆ ಹಚ್ಚುವ ಕ್ರಮವಿತ್ತು. 1552ರ ಪುಸ್ತಕದಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ನಾಡಿಗೆ ಸುವಾರ್ತೆಯನ್ನು ತಂದ ವೆಸ್ಲಿಯನ್, ಲಂಡನ್, ಬಾಸೆಲ್ ಮಿಷನ್ನುಗಳವರು ಈ ಸುಧಾರಣೆಯ ಪರಂಪರೆಯವರಾದಕಾರಣ ಎಣ್ಣೆಯ ಕುಡಿಕೆಯನ್ನು ತರಲಿಲ್ಲ. ಆದರೆ ರೋಗಿಗಳನ್ನು ಅವರು ಮರೆಯಲಿಲ್ಲ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯೂ ಅದೇ ಸೇವೆಯವು. 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಒಂದಾದಾಗ ಆಂಗ್ಲಿಕನರೂ ಮೆಥಡಿಸ್ಟರೂ ಕಾಂಗ್ರಿಗೇಶನಲ್ ಪ್ರೆಸ್ಬಿಟೀರಿಯನ್ ಸಂಪ್ರದಾಯದವರೂ ಒಂದೇ ಮೇಜಿಗೆ ಬಂದರು. ಆದಕಾರಣ ಈ ವಿಷಯದಲ್ಲಿ ನಮ್ಮ ಹಿರಿಯರೊಳಗೆ ಇಬ್ಬಗೆಯ ಅಭಿಪ್ರಾಯವಿರುವದು ಆಶ್ಚರ್ಯವಲ್ಲ.

ರೋಮನ್ ಸಭೆಯವರ ಪದ್ಧತಿಯೆಂದು ಹೇಳಿದ ನಮ್ಮ ಹಿರಿಯರಿಗೆ ಇನ್ನೊಂದು ವಿಷಯವನ್ನು ತಿಳಿಸಬೇಕಾಗಿದೆ. ಆ ಸಭೆಯವರೇ 1963ರಲ್ಲಿ ತಮ್ಮ ವ್ಯಾಟಿಕನ್ ಮಹಾಸಭೆಯಲ್ಲಿ, ಇದನ್ನು ರೋಗಿಗಳ ಅಭ್ಯಂಗವೆಂದು ಕರೆಯುವದೇ ಸರಿ, ಪ್ರಾಣಬಿಡುವವರಿಗೆ ಮಾತ್ರವಲ್ಲ ಎಂದು ನಿರ್ಣಯಿಸಿದರು. 1972ರಲ್ಲಿ 6ನೆಯ ಪೌಲ್ ಪೋಪರು ಹೊಸ ಕ್ರಮವನ್ನು ಪ್ರಕಟಿಸಿ, ಆಲಿವ್ ಎಣ್ಣೆಯು ಸಿಕ್ಕದ ದೇಶಗಳಲ್ಲಿ ಬೇರೆ ಗಿಡಮರಗಳ ಎಣ್ಣೆಯನ್ನೂ ಉಪಯೋಗಿಸಬಹುದೆಂದು ಅಪ್ಪಣೆಕೊಟ್ಟರು. ಲೂಥರನ ಆಕ್ಷೇಪಣೆಗೆ 450 ವರುಷಗಳ ಮೇಲೆ ಬಂದ ಉತ್ತರವೆಂದು ನಾವು ಇದನ್ನು ಸಂತೋಷದಿಂದಲೇ ಓದುತ್ತೇವೆ.

ಇನ್ನು ಔಷಧವನ್ನು ಬಿಡಬೇಕೆಂದ ಅಳಿಯನ ಮಾತು. ಹಿಜ್ಕೀಯನು ಮರಣಕರವಾದ ರೋಗದಲ್ಲಿ ಅತ್ತು ಪ್ರಾರ್ಥಿಸಿದನು, ದೇವರು ಅವನಿಗೆ 15 ವರುಷಗಳ ಆಯುಷ್ಯವನ್ನು ಕೂಡಿಸುವೆನೆಂದು ವಾಗ್ದಾನಮಾಡಿದನು. ಆದರೂ ಯೆಶಾಯನು ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು (2 ಅರಸುಗಳು 20:1–7). ವಾಗ್ದಾನ ಸಿಕ್ಕಿದ ಮೇಲೆ ಅಂಜೂರವೇಕೆ ಎಂದು ಯಾರೂ ಕೇಳಲಿಲ್ಲ. ಪೌಲನ ಜೊತೆ ಕಡೆಯ ವರೆಗೂ ಇದ್ದ ಲೂಕನು ವೈದ್ಯನು. ಪೌಲನು ಅವನನ್ನು ಪ್ರಿಯನೆಂದು ಕರೆದನೇ ಹೊರತು ಅವಿಶ್ವಾಸಿಯೆಂದಲ್ಲ (ಕೊಲೊಸ್ಸೆ 4:14). ಎಣ್ಣೆಯೇ ಆ ಕಾಲದ ಔಷಧವಾಗಿದ್ದರೆ, ಎಣ್ಣೆಯನ್ನು ನೆಪಮಾಡಿ ಈ ಕಾಲದ ಔಷಧವನ್ನು ಬಿಡಿಸುವದು ಯಾಕೋಬನ ಮಾತನ್ನು ತಲೆಕೆಳಗು ಮಾಡಿದಂತಾಗುವದು. ನಾವು ಅಂದು ಆ ಯೌವನಸ್ಥನಿಗೆ ಹೀಗೆಯೇ ಖಂಡಿತವಾಗಿ ಹೇಳಿದೆವು. ಅವನಿಗೆ ಕೋಪ ಬಂತು. ಆದರೆ ಗುಳಿಗೆಗಳನ್ನು ನಿಲ್ಲಿಸಲಿಲ್ಲ.

ತಾಯಿಯವರು ಆಗ ಮಾತಾಡಿದರು. ಎಣ್ಣೆ ಹಚ್ಚುವದಕ್ಕೆ ಮುಂಚೆ ಊರಿನಲ್ಲಿರುವ ತಮ್ಮ ಓರಗಿತ್ತಿಯನ್ನು ಕರೆಸಬೇಕೆಂದು ಕೇಳಿಕೊಂಡರು. ಹೊಲದ ಬದುವಿನ ವಿಷಯದಲ್ಲಿ ಜಗಳವಾಗಿ ಇಬ್ಬರಿಗೂ ಎಷ್ಟೋ ವರುಷಗಳಿಂದ ಮಾತಿರಲಿಲ್ಲ. ಒಂದೇ ದೇವಾಲಯದಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತು ಕರ್ತನ ರಾತ್ರಿಭೋಜನವನ್ನು ತೆಗೆದುಕೊಂಡಿದ್ದರು. ಮುಂದಿನ ಶನಿವಾರ ಆಕೆಯು ಬಂದರು. ಇಬ್ಬರೂ ಏನು ಹೇಳಿಕೊಂಡರೋ ನಾವು ಕೇಳಲಿಲ್ಲ; ಹೊರಗೆ ಜಗಲಿಯಲ್ಲಿ ಕಾದಿದ್ದೆವು. ಆ ಸಾಯಂಕಾಲ ಹಿರಿಯರಿಬ್ಬರೂ ಅಡಿಗೆಮನೆಯಿಂದ ತಂದ ಎಳ್ಳೆಣ್ಣೆಯನ್ನು ತಾಯಿಯವರ ಹಣೆಗೂ ಕೈಗಳಿಗೂ ಹಚ್ಚಿ ಕರ್ತನ ಹೆಸರಿನಲ್ಲಿ ಪ್ರಾರ್ಥಿಸಿದರು. ಇದು ನಮ್ಮದಲ್ಲವೆಂದು ಹೇಳಿದ್ದ ಹಿರಿಯರೂ ಹಚ್ಚಿದರು.

ತಾಯಿಯವರು ಗುಣವಾಗಲಿಲ್ಲ. ನಾಲ್ಕು ತಿಂಗಳ ಮೇಲೆ, ಊರಿನ ತಮ್ಮ ಮನೆಯಲ್ಲಿಯೇ, ನಿದ್ರೆಹೋದರು. ಕಡೆಯ ದಿವಸಗಳಲ್ಲಿ ಅವರಿಗೆ ಗಂಜಿ ಕುಡಿಸಿದವರು ಆ ಓರಗಿತ್ತಿಯೇ.

ಹಾಗಾದರೆ ಯಾಕೋಬನ ಮಾತು ಸುಳ್ಳಾಯಿತೇ ಎಂದು ಮಗನು ನಮ್ಮನ್ನು ಕೇಳಿದನು. ಈ ಪ್ರಶ್ನೆಗೆ ಸುಲಭವಾದ ಉತ್ತರ ಕೊಡುವವರನ್ನು ನಂಬಬೇಡಿರಿ. ವಿಶ್ವಾಸ ಸಾಲದೆ ಹೋಯಿತೆಂದು ಹೇಳುವದು ಎಲ್ಲಕ್ಕಿಂತ ಕ್ರೂರವಾದ ಉತ್ತರ. ಸತ್ತವರ ಮೇಲೆ ತಪ್ಪನ್ನು ಹೊರಿಸಿ ಬದುಕಿರುವವರನ್ನು ಸುಡುವಂಥದು. ಪೌಲನ ಕೈಯಿಂದ ಎಷ್ಟೋ ಮಂದಿ ವಾಸಿಯಾದರು. ಆದರೂ ಅವನು ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟು ಹೋಗಬೇಕಾಯಿತು, ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡರೂ ಅದು ತೆಗೆಯಲ್ಪಡಲಿಲ್ಲ. ತ್ರೊಫಿಮನಲ್ಲಿ ವಿಶ್ವಾಸವಿರಲಿಲ್ಲವೆಂದು ಪೌಲನು ಬರೆಯಲಿಲ್ಲ. ಯಾಕೋಬನು ಉಪಯೋಗಿಸಿದ ಎರಡು ಮಾತುಗಳನ್ನು ಇಲ್ಲಿ ನೆನಸಬೇಕು. ರಕ್ಷಿಸುವದೆಂಬ ಸೋಜೋ ಎಂಬ ಮಾತು ಗುಣಪಡಿಸುವದಕ್ಕೂ ಬರುತ್ತದೆ, ನಿತ್ಯರಕ್ಷಣೆಗೂ ಬರುತ್ತದೆ. ಏಳಮಾಡುವದೆಂಬ ಎಗೈರೋ ಎಂಬ ಮಾತು ಪೇತ್ರನ ಅತ್ತೆಯನ್ನು ಜ್ವರದ ಹಾಸಿಗೆಯಿಂದ ಎಬ್ಬಿಸಿದ್ದಕ್ಕೂ ಬಂದಿದೆ, ಕರ್ತನು ಸಮಾಧಿಯಿಂದ ಎಬ್ಬಿಸಲ್ಪಟ್ಟದ್ದಕ್ಕೂ ಬಂದಿದೆ. ಯಾಕೋಬನು ಮೊದಲನೆಯ ಅರ್ಥವನ್ನೇ ಎದುರುನೋಡಿ ಬರೆದನೆಂದು ನಾವು ಒಪ್ಪುತ್ತೇವೆ. ಎರಡನೆಯದು ಆ ಮಾತಿನೊಳಗಿಂದ ಎಂದೂ ಹೊರಟುಹೋಗಿರಲಿಲ್ಲ. ಮಗನು ಇದನ್ನು ಕೇಳಿ ಸುಮ್ಮನಾದನು. ಅವನಿಗೆ ಸಮಾಧಾನವಾಯಿತೆಂದು ನಾವು ಬರೆಯಲಾರೆವು.

ಹಳ್ಳಿಯ ಸಭೆಗಳ ಹಿರಿಯರಿಗೂ ಉಪದೇಶಿಗಳಿಗೂ ಕೆಲವು ಮಾತುಗಳು. ರೋಗಿಯು ತಾನಾಗಿ ಕೇಳಿದರೆ ಮಾತ್ರ ಇದನ್ನು ಮಾಡಿರಿ. ನಿಮ್ಮ ಸಭಾಪಾಲಕರಿಗೆ ತಿಳಿಸದೆ ಮಾಡಬೇಡಿರಿ. ಒಬ್ಬರೇ ಹೋಗಬೇಡಿರಿ. ಹೆಂಗಸರು ರೋಗಿಯಾಗಿದ್ದರೆ ಸಭೆಯ ಹಿರಿಯ ಹೆಂಗಸರನ್ನು ಜೊತೆಯಲ್ಲಿ ಕರೆದುಕೊಂಡುಹೋಗಿರಿ. ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಾರೋ ಎಂದು ಪ್ರಾರ್ಥನೆಗೆ ಮುಂಚೆಯೇ ವಿಚಾರಿಸಿರಿ. ಹಣವನ್ನಾಗಲಿ ಕಾಯಿಪಲ್ಯವನ್ನಾಗಲಿ ತೆಗೆದುಕೊಳ್ಳಬೇಡಿರಿ. ತೆರೆದ ಹುಣ್ಣಿನ ಮೇಲೆ ಎಣ್ಣೆ ಹಚ್ಚದೆ ಹಣೆಗೋ ಅಂಗೈಗೋ ಹಚ್ಚಿರಿ. ಎಳ್ಳು, ಕೊಬ್ಬರಿ, ಕಡಲೆಕಾಯಿ, ಆ ಮನೆಯಲ್ಲಿ ಯಾವ ಎಣ್ಣೆಯಿದೆಯೋ ಅದೇ ಸಾಕು. ಪ್ರಾರ್ಥನೆ ಮುಗಿದ ಮೇಲೆ ಬಟ್ಟಲಲ್ಲಿ ಮಿಕ್ಕದ್ದನ್ನು ಸೀಸೆಗೆ ತುಂಬಿ ಎತ್ತಿಡಲು ಬಿಡದೆ, ಮನೆಯವರ ಎದುರಿಗೇ ಅಡಿಗೆಮನೆಗೆ ಹಿಂದಕ್ಕೆ ಕೊಟ್ಟುಬಿಡಿರಿ; ಆ ರಾತ್ರಿಯ ಒಗ್ಗರಣೆಗೆ ಆಗುವದು.